ಸೆಕೆಂಡ್ ಹ್ಯಾಂಡ್ ಬಟ್ಟೆ: ಫೋಟೋದಲ್ಲಿ ಕಂಡಿದ್ದೇ ಒಂದು, ಮನೆಗೆ ಬಂದಿದ್ದೇ ಇನ್ನೊಂದು

ಉಣ್ಣೆಉಂಡೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಬೇಜಾರಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಹೋದ ವಾರ ಆನ್‌ಲೈನ್‌ನಲ್ಲಿ ಒಂದು ಹಳೆಯ ಉಣ್ಣೆ ಸ್ವೆಟರ್ ಕೊಂಡೆ. ಲಿಸ್ಟಿಂಗ್‌ನಲ್ಲಿ ಇದ್ದದ್ದು ಎರಡೇ ಫೋಟೋ. ಒಂದರಲ್ಲಿ ಸ್ವೆಟರ್ ಮಡಚಿ ಹಾಸಿಗೆ ಮೇಲೆ ಇಟ್ಟಿತ್ತು. ಇನ್ನೊಂದು ಪೂರ್ತಿ ಮಸುಕು. ಬಣ್ಣ ತಿಳಿ ಬಿಸ್ಕೆಟ್ ಅಂದುಕೊಂಡೆ. ಬಂದಿದ್ದು ಬೂದು ಬಣ್ಣದ್ದು. ಅದನ್ನಾದರೂ ಸಹಿಸಬಹುದಿತ್ತು. ಎಡ ಮೊಣಕೈ ಹತ್ತಿರ ಉಣ್ಣೆ ಎಷ್ಟು ಸವೆದಿದೆ ಅಂದರೆ ಒಳಗಿಟ್ಟ ಬೆರಳು ಹೊರಗೆ ಕಾಣುತ್ತೆ.

ಮಾರಿದವರನ್ನು ಕೇಳಿದೆ. "ಫೋಟೋದಲ್ಲಿ ಇದ್ದದ್ದನ್ನೇ ಕಳಿಸಿದ್ದೇನೆ" ಅಂದರು. ಅವರು ಮೋಸ ಮಾಡಿದ್ದಾರೆ ಅಂತ ನನಗೆ ಅನಿಸಲಿಲ್ಲ. ನಿಜವಾಗಲೂ ಅವರು ಮೊಣಕೈ ನೋಡಿಯೇ ಇರಲಿಕ್ಕಿಲ್ಲ.

ಎದುರಿಗೇ ಇದ್ದಿದ್ದರೆ ನಾನು ಮೊದಲು ಏನು ಮಾಡುತ್ತಿದ್ದೆ? ತೋಳಿನೊಳಗೆ ಕೈ ಹಾಕುತ್ತಿದ್ದೆ. ಕಾಲರ್ ಮಗುಚುತ್ತಿದ್ದೆ. ಬೆಳಕಿಗೆ ಹಿಡಿಯುತ್ತಿದ್ದೆ. ಆನ್‌ಲೈನ್‌ನಲ್ಲಿ ಆ ಕೈ ಇಲ್ಲ. ಕೈ ಮಾಡುವ ಕೆಲಸವನ್ನು ಫೋಟೋ ಮಾಡಬೇಕು ಅಲ್ವಾ? ಹಾಗಿದ್ದೂ ಇಷ್ಟೊಂದು ಲಿಸ್ಟಿಂಗ್‌ಗಳಲ್ಲಿ ಫೋಟೋ ಯಾಕೆ ಹೀಗಿರುತ್ತೆ? ಮಾರುವವರೂ ಇಲ್ಲಿದ್ದೀರಿ, ನಿಮ್ಮ ಕಡೆಯ ಮಾತನ್ನೂ ಕೇಳಬೇಕು.

ಕಪಾಟುಖಾಲಿ

ಮಾರುವವಳಾಗಿ ಹೇಳುತ್ತೇನೆ. ನಾನು ಮಾರುವುದು ಹೆಚ್ಚಾಗಿ ಮಕ್ಕಳಿಗೆ ಚಿಕ್ಕದಾದ ಬಟ್ಟೆ. ಹಗಲು ಕೆಲಸ. ಮಕ್ಕಳು ಮಲಗಿದ ಮೇಲೆ ರಾತ್ರಿ ಹತ್ತಕ್ಕೆ ಬಟ್ಟೆ ತೆಗೆದು, ಹಾಸಿಗೆ ಮೇಲೆ ಹರಡಿ, ಬಲ್ಬಿನ ಬೆಳಕಲ್ಲಿ ಫೋಟೋ ತೆಗೆಯುತ್ತೇನೆ. ನನಗೆ ಇರುವ ಸಮಯ ಅದೊಂದೇ. ಹತ್ತು ಬಟ್ಟೆಗೆ ಆರಾರು ಫೋಟೋ ಅಂದರೆ ಅರವತ್ತಾಯಿತು. ಅದರಲ್ಲಿ ಅರ್ಧ ಬಟ್ಟೆ ಮಾರಾಟವೇ ಆಗುವುದಿಲ್ಲ.

ನಿಮಗೆ ಬೇಜಾರಾಗಿದ್ದು ತಪ್ಪಲ್ಲ. ಆದರೆ ಕಪಾಟು ಖಾಲಿ ಮಾಡುತ್ತಿರುವ ಒಬ್ಬ ತಾಯಿಯ ಹತ್ತಿರ ಅಂಗಡಿಯವರ ಮಟ್ಟದ ಫೋಟೋ ಕೇಳುವುದು ಸರಿಯಾ? ಇನ್ನೂ ಜಾಸ್ತಿ ಕೇಳಿದರೆ ನನ್ನಂಥವರು ಮಾರುವುದನ್ನೇ ಬಿಡುತ್ತಾರೆ. ಬಟ್ಟೆ ಕಸಕ್ಕೆ ಹೋಗುತ್ತೆ.

ಬೆಳಕಿಂಡಿ

ಕಪಾಟುಖಾಲಿ ಅವರೇ, ನಿಮ್ಮ ಕಷ್ಟ ಗೊತ್ತಾಗುತ್ತೆ. ಆದರೆ ಉಣ್ಣೆಉಂಡೆ ಅವರ ಸ್ವೆಟರ್ ಬೂದು ಹೋಗಿ ಬಿಸ್ಕೆಟ್ ಆಗಿದ್ದಕ್ಕೂ ಆ ರಾತ್ರಿ ಹತ್ತು ಗಂಟೆಗೂ ನೇರ ಸಂಬಂಧ ಇದೆ. ನಾನು ಫೋಟೋ ಕೆಲಸದವನು, ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಬೆಳಕಿಗೂ ಬಣ್ಣ ಇದೆ. ಅದನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ. ಮನೆಯ ಹಳದಿ ಬಲ್ಬು ಸುಮಾರು 2700 ಕೆಲ್ವಿನ್. ನಡುಹಗಲಿನ ಬೆಳಕು ಸುಮಾರು 5500. ಸಂಖ್ಯೆ ಇಳಿದಷ್ಟೂ ಹಳದಿ, ಏರಿದಷ್ಟೂ ನೀಲಿ. ನಮ್ಮ ಕಣ್ಣು ಮತ್ತು ಮಿದುಳು ಇದನ್ನು ತಾವಾಗಿಯೇ ಸರಿ ಮಾಡಿಕೊಳ್ಳುತ್ತವೆ. ಹಾಗಾಗಿ ಬಲ್ಬಿನ ಕೆಳಗೂ ಬಿಳಿ ಕಾಗದ ನಮಗೆ ಬಿಳಿಯೇ. ಕ್ಯಾಮೆರಾ ಮಾತ್ರ ಊಹೆ ಮಾಡಬೇಕು. ಫ್ರೇಮ್ ತುಂಬ ಒಂದೇ ಬಣ್ಣದ ಸ್ವೆಟರ್ ಇದ್ದರೆ ಆ ಊಹೆಗೆ ಆಧಾರವೇ ಇರುವುದಿಲ್ಲ. ಬೂದು ಸ್ವೆಟರ್ ಹಳದಿ ಬೆಳಕಲ್ಲಿ ಬಿಸ್ಕೆಟ್ ಬಣ್ಣಕ್ಕೆ ತಿರುಗುವುದು ಹೀಗೆ. ಕಡುನೀಲಿ ಕಪ್ಪಾಗಿ ಕಾಣುವುದೂ ಹೀಗೆಯೇ.

ಇನ್ನೂ ಕೆಟ್ಟದ್ದು ಎರಡು ಬೆಳಕು ಬೆರೆತಾಗ. ಒಂದು ಕಡೆ ಕಿಟಕಿ, ಮೇಲೆ ಬಲ್ಬು. ಆಗ ಬಟ್ಟೆಯ ಒಂದು ಪಕ್ಕ ನೀಲಿ, ಇನ್ನೊಂದು ಪಕ್ಕ ಹಳದಿ. ಆಮೇಲೆ ಎಡಿಟ್ ಮಾಡಿದರೂ ಒಂದು ಪಕ್ಕ ಸರಿಯಾಗುತ್ತೆ, ಇನ್ನೊಂದು ಕೆಡುತ್ತೆ. ಹಾಗಾಗಿ ಕಿಟಕಿ ಹತ್ತಿರ ತೆಗೆಯುವಾಗ ಬಲ್ಬು ಆರಿಸಲೇಬೇಕು.

ಅಂಗಡಿ ಮಟ್ಟದ ಫೋಟೋ ಯಾರೂ ಕೇಳುತ್ತಿಲ್ಲ ಮೇಡಂ. ರಜೆ ದಿನ ಬೆಳಿಗ್ಗೆ ಕಿಟಕಿ ಪಕ್ಕ, ನೇರ ಬಿಸಿಲು ಬೀಳದ ಜಾಗದಲ್ಲಿ ಬಟ್ಟೆ ಹರಡಿ. ಲೆನ್ಸನ್ನು ಹತ್ತಿ ಬಟ್ಟೆಯಲ್ಲಿ ಒರೆಸಿ. ಇದನ್ನು ಯಾರೂ ಮಾಡುವುದೇ ಇಲ್ಲ. ಅರ್ಧದಷ್ಟು ಮಸುಕು ಫೋಟೋಗಳಿಗೆ ಬೆರಳಿನ ಜಿಡ್ಡೇ ಕಾರಣ ಅಂತ ನನ್ನ ಅನುಭವ. ಬಟ್ಟೆಯ ಪಕ್ಕದಲ್ಲಿ ಒಂದು ಬಿಳಿ ಕಾಗದ ಇಡಿ. ಫೋಟೋದಲ್ಲಿ ಆ ಕಾಗದ ಹಳದಿಯಾಗಿ ಕಂಡರೆ ಬಟ್ಟೆಯ ಬಣ್ಣವೂ ಅಷ್ಟೇ ಹಳದಿಗೆ ಜಾರಿದೆ ಅಂತ ನೋಡುವವರಿಗೆ ಗೊತ್ತಾಗುತ್ತೆ. ಕ್ಯಾಮೆರಾಗೂ ಬಣ್ಣ ಹಿಡಿಯಲು ಒಂದು ಆಧಾರ ಸಿಗುತ್ತೆ.

ಮೂರನೇಗುಂಡಿ

ಬೆಳಕಿಂಡಿ ಸರ್, ಒಂದು ಸಂದೇಹ. ನನ್ನ ಹತ್ತಿರ ಒಂದು ಕಪ್ಪು ಜಾಕೆಟ್ ಇದೆ. ಹಗಲಲ್ಲೇ ಕಿಟಕಿ ಪಕ್ಕ ತೆಗೆದೆ. ಆದರೂ ಫೋಟೋದಲ್ಲಿ ಬಣ್ಣ ಮಾಸಿದ ಹಾಗೆ, ಬೂದಿ ಬಳಿದ ಹಾಗೆ ಕಾಣುತ್ತೆ. "ಇದು ಒಗೆದು ಒಗೆದು ಮಾಸಿದೆಯಾ?" ಅಂತ ಮೂರು ಜನ ಕೇಳಿದರು. ಬಿಳಿ ಅಂಗಿ ತೆಗೆದರೆ ಅದು ಕೊಳೆಯಾದ ಹಾಗೆ ಬರುತ್ತೆ. ಬಟ್ಟೆ ಎರಡೂ ಚೆನ್ನಾಗಿವೆ.

ಬೆಳಕಿಂಡಿ

ಅದು ಬೆಳಕಿನ ಪ್ರಮಾಣದ ವಿಷಯ. ಕ್ಯಾಮೆರಾಗೆ ಎದುರಿಗಿರುವುದು ಕಪ್ಪು ಜಾಕೆಟ್ಟೋ ಬಿಳಿ ಅಂಗಿಯೋ ಗೊತ್ತಿಲ್ಲ. ಎಲ್ಲವನ್ನೂ ಸರಾಸರಿ ಮಾಡಿ ಮಧ್ಯಮ ಬೂದು ಬಣ್ಣದ ಕಡೆಗೆ ಎಳೆಯುವುದು ಅದರ ಅಭ್ಯಾಸ. ಹಾಗಾಗಿ ಕಪ್ಪು ಮೇಲೆದ್ದು ಬೂದಿಯಾಗುತ್ತೆ, ಬಿಳಿ ಕೆಳಗಿಳಿದು ಕೊಳೆಯಾಗುತ್ತೆ. ಫೋನ್ ಪರದೆಯಲ್ಲಿ ಬಟ್ಟೆ ಮೇಲೆ ಒಮ್ಮೆ ಒತ್ತಿ. ಹೆಚ್ಚಿನ ಫೋನ್‌ಗಳಲ್ಲಿ ಸೂರ್ಯನ ಚಿಹ್ನೆಯೋ ಒಂದು ಗೆರೆಯೋ ಬರುತ್ತೆ. ಕಪ್ಪು ಬಟ್ಟೆಗೆ ಅದನ್ನು ಸ್ವಲ್ಪ ಕೆಳಗೆ ಎಳೆಯಿರಿ, ಬಿಳಿಗೆ ಸ್ವಲ್ಪ ಮೇಲೆ. ಅಷ್ಟೇ.

ಗಾಢ ಕೆಂಪು ಬಟ್ಟೆ ಇದ್ದರೂ ಸ್ವಲ್ಪ ಕೆಳಗೆ ಎಳೆಯಿರಿ. ಕ್ಯಾಮೆರಾದಲ್ಲಿ ಬೆಳಕು ಹಿಡಿಯುವ ಭಾಗ, ಅಂದರೆ ಸೆನ್ಸರ್‌ನಲ್ಲಿ, ಕೆಂಪು ಬೇಗ ತುಂಬಿಹೋಗುತ್ತೆ. ನೇಯ್ಗೆ, ಮಡಿಕೆ, ಹೊಲಿಗೆ ಯಾವುದೂ ಕಾಣದೆ ಬರೀ ಕೆಂಪು ಬಣ್ಣ ಬಳಿದ ಹಾಗೆ ಬರುತ್ತೆ. ಸಣ್ಣ ಸಣ್ಣ ಗೆರೆಯ ಅಂಗಿ ತೆಗೆಯುವಾಗ ಬಟ್ಟೆ ಮೇಲೆ ಇಲ್ಲದ ಅಲೆಗಳು ಕಂಡರೆ ಹೆದರಬೇಡಿ. ಬಟ್ಟೆಯ ಗೆರೆಗಳೂ ಸೆನ್ಸರ್‌ನ ಚುಕ್ಕೆಗಳ ಸಾಲೂ ಒಂದಕ್ಕೊಂದು ತಾಕಿದಾಗ ಹಾಗೆ ಆಗುತ್ತೆ. ಒಂದು ಹೆಜ್ಜೆ ಹಿಂದೆಯೋ ಮುಂದೆಯೋ ಹೋದರೆ ಸಾಕು.

ಸೂಜಿದಾರ

ನಾನು ಹೊಲಿಗೆ ಕೆಲಸದವಳು. ಹೊಸ ಬಟ್ಟೆ ಹೊಲಿಯುವುದಕ್ಕಿಂತ ಹಳೆಯದನ್ನು ರಿಪೇರಿ ಮಾಡುವುದೇ ಜಾಸ್ತಿ. ಬಣ್ಣದ ಬಗ್ಗೆ ಇಷ್ಟು ಮಾತಾಯಿತು. ಬಟ್ಟೆ ಎಲ್ಲಿ ಸಾಯುತ್ತೆ ಅನ್ನೋದನ್ನು ನಾನು ಹೇಳುತ್ತೇನೆ.

ಬಟ್ಟೆಯ ಎದೆ ಭಾಗ ಸವೆಯುವುದು ತೀರಾ ಕಡಿಮೆ. ಆದರೆ ಎಲ್ಲರೂ ಫೋಟೋ ತೆಗೆಯುವುದು ಅದನ್ನೇ. ಅಂಗಿ ಮೊದಲು ಹೋಗುವುದು ಕಾಲರಿನ ಮಡಿಕೆಯಲ್ಲಿ, ಆಮೇಲೆ ಕಫ್ಫಿನ ಅಂಚಿನಲ್ಲಿ, ಕಂಕುಳಲ್ಲಿ. ಪ್ಯಾಂಟು ಹೋಗುವುದು ತೊಡೆ ಸಂದಿನಲ್ಲಿ, ಕಾಲಿನ ಕೆಳ ಅಂಚಿನ ಹಿಂಭಾಗದಲ್ಲಿ. ಅಲ್ಲಿ ಚಪ್ಪಲಿ ತುಳಿಯುತ್ತೆ. ಸ್ವೆಟರ್ ಮೊಣಕೈ, ಪಕ್ಕೆ. ಕೋಟಿನಲ್ಲಿ ಒಳಗಿನ ಲೈನಿಂಗ್, ಅದರಲ್ಲೂ ಜೇಬಿನ ಬಾಯಿ ಮತ್ತು ತೋಳು ಸೇರುವ ಜಾಗ. ಹೊರಗೆ ಹೊಸದರಂತೆ ಇರುವ ಎಷ್ಟೋ ಕೋಟುಗಳ ಲೈನಿಂಗ್ ಚಿಂದಿಯಾಗಿರುವುದನ್ನು ನಾನೇ ಬಿಚ್ಚಿ ನೋಡಿದ್ದೇನೆ. ಎದೆ ಭಾಗದ ನಾಲ್ಕು ಫೋಟೋಗಿಂತ ಕಂಕುಳಿನ ಒಂದು ಫೋಟೋ ನನಗೆ ಹೆಚ್ಚು ಹೇಳುತ್ತೆ.

ಉಣ್ಣೆ ಮೇಲೆ ಏಳುವ ಸಣ್ಣ ಉಂಡೆಗಳಿರುತ್ತವಲ್ಲ, ಎಳೆ ಕಿತ್ತು ಬಂದಿರುತ್ತಲ್ಲ, ಇವು ಎದುರಿನಿಂದ ಬಿದ್ದ ಬೆಳಕಲ್ಲಿ ಕಾಣುವುದೇ ಇಲ್ಲ. ಫ್ಲ್ಯಾಶ್ ಹಾಕಿದರಂತೂ ಎಲ್ಲಾ ಚಪ್ಪಟೆ. ಬೆಳಕು ಪಕ್ಕದಿಂದ, ಬಟ್ಟೆಯನ್ನು ಸವರಿಕೊಂಡು ಹೋಗುವ ಹಾಗೆ ಬೀಳಬೇಕು. ಆಗ ಪ್ರತಿ ಉಂಡೆಗೂ ಒಂದು ನೆರಳು ಹುಟ್ಟುತ್ತೆ. ಸವೆತ ನೋಡಬೇಕಾದರೆ ಉಲ್ಟಾ. ಬಟ್ಟೆಯನ್ನು ಕಿಟಕಿಗೆ ಹಿಡಿದು ಬೆಳಕು ಹಿಂದಿನಿಂದ ಬರುವಂತೆ ತೆಗೆಯಬೇಕು. ಬಟ್ಟೆ ತೆಳುವಾದಲ್ಲೆಲ್ಲ ಬೆಳಕು ತೂರಿ ಬರುತ್ತೆ. ಹುಳ ತಿಂದ ತೂತುಗಳು ನಕ್ಷತ್ರದ ಹಾಗೆ ಹೊಳೆಯುತ್ತವೆ. ಉಣ್ಣೆ ಬಟ್ಟೆಯಲ್ಲಿ ಹುಳದ ತೂತು ಮುಚ್ಚಿಡಲೇಬಾರದು. ತೂತಿನ ಜೊತೆ ಮೊಟ್ಟೆಯೂ ಬಂದರೆ ಕೊಂಡವರ ಕಪಾಟಿನಲ್ಲಿರುವ ಬೇರೆ ಬಟ್ಟೆಯೂ ಹೋಗುತ್ತೆ.

ಲೇಬಲ್ ಫೋಟೋ ದಯವಿಟ್ಟು ಹಾಕಿ. ಸೈಜಿನದು ಮಾತ್ರ ಅಲ್ಲ, ಪಕ್ಕೆ ಹೊಲಿಗೆಯಲ್ಲಿ ಇರುವ ಚಿಕ್ಕ ಪಟ್ಟಿಯದೂ ಬೇಕು. ಉಣ್ಣೆ ಎಷ್ಟು, ಅಕ್ರಿಲಿಕ್ ಎಷ್ಟು ಅಂತ ಇರುವುದು ಅದರಲ್ಲೇ. ನೀರಿನ ತೊಟ್ಟಿಯ ಚಿತ್ರದ ಮೇಲೆ ಕತ್ತರಿ ಗುರುತು (X) ಇದ್ದರೆ ಒಗೆಯಬಾರದು ಅಂತ. ಕೊಂಡ ಮೇಲೆ ಅದು ಗೊತ್ತಾದರೆ ಏನು ಉಪಯೋಗ?

ಹಳೇಕೋಟು

ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಫೋಟೋ ಕೆಟ್ಟದಾಗಿದ್ದರೆ ನನಗೆ ಅಷ್ಟು ಭಯ ಇಲ್ಲ. ತುಂಬಾ ಚೆನ್ನಾಗಿದ್ದರೆ ಭಯ. ಕಂಪನಿಯ ಜಾಹೀರಾತಿನ ಫೋಟೋ ಎತ್ತಿ ಹಾಕಿರುತ್ತಾರೆ. ಮಾಡೆಲ್ ತೊಟ್ಟಿರುವುದು ಹೊಸ ಬಟ್ಟೆ, ನಮಗೆ ಬರುವುದು ಐದು ವರ್ಷ ಒಗೆದದ್ದು. ಅಂಥ ಫೋಟೋ ಅಂತ ಸಂಶಯ ಬಂದರೆ ಚಿತ್ರದಿಂದಲೇ ಹುಡುಕುವ ಸೌಲಭ್ಯ ಬಳಸಿ ನೋಡಿ, ಅದೇ ಚಿತ್ರ ಇನ್ನೆಲ್ಲಿದೆ ಅಂತ ಬಹಳ ಸಲ ಗೊತ್ತಾಗುತ್ತೆ. ಇನ್ನು ಕೆಲವರು ಫಿಲ್ಟರ್ ಹಾಕುತ್ತಾರೆ. ಹಾಕದಿದ್ದರೂ ಕತ್ತಲಲ್ಲಿ ಫೋನ್ ತಾನೇ ಚಿತ್ರವನ್ನು ನಯ ಮಾಡಿಬಿಡುತ್ತೆ. ಸೂಜಿದಾರ ಅವರು ಹೇಳಿದ ಉಂಡೆಗಳು ಅಲ್ಲೇ ಅಳಿಸಿಹೋಗುತ್ತವೆ.

ಹಾಸಿಗೆ ಮೇಲೆ ಸುಕ್ಕು ಸುಕ್ಕಾಗಿ ಬಿದ್ದಿರುವ ಬಟ್ಟೆ ಕನಿಷ್ಠ ಅವರ ಮನೆಯಲ್ಲಿ ಇದೆ ಅಂತ ಖಾತ್ರಿ. ನನ್ನ ಅತ್ಯಂತ ಇಷ್ಟದ ಕೋಟು ಸಿಕ್ಕಿದ್ದು ಒಂದು ಮಸುಕು ಫೋಟೋದಿಂದಲೇ. ಬೇರೆಯವರು ಅದನ್ನು ದಾಟಿ ಹೋಗಿದ್ದರು. ನಾನು ನಿಂತು ಕೇಳಿದೆ. ನಾಲ್ಕು ಪ್ರಶ್ನೆ, ನಾಲ್ಕು ಹೊಸ ಫೋಟೋ, ಮುಗೀತು.

ಇಂಥ ಫೋಟೋ ಓದುವುದಕ್ಕೂ ಒಂದು ದಾರಿ ಇದೆ. ಬಿಳಿ ಕಾಗದ ಇಡದಿದ್ದರೂ ಕಾಲರಿನ ಹಿಂದೆ ಬಿಳಿ ಲೇಬಲ್ ಇರುತ್ತಲ್ಲ, ಅದನ್ನು ನೋಡಿ. ಗೋಡೆ, ಸ್ವಿಚ್ಚಿನ ಹಲಗೆ, ದಿಂಬಿನ ಹೊದಿಕೆ, ಬಿಳಿ ಅಂತ ನಿಮಗೆ ಖಚಿತವಾಗಿರುವ ಏನಾದರೂ ಸರಿ. ಅದು ಎಷ್ಟು ಹಳದಿಯೋ ಬಟ್ಟೆಯೂ ಅಷ್ಟು ಹಳದಿಗೆ ತಿರುಗಿದೆ.

1995ರಲ್ಲಿ ಪಿಯೆರ್ ಒಮಿಡ್ಯಾರ್ ಇಬೇ ಅನ್ನುವ ಆನ್‌ಲೈನ್ ಹರಾಜು ತಾಣ ಶುರು ಮಾಡಿದಾಗ ಮೊದಲು ಮಾರಾಟವಾದದ್ದು ಒಂದು ಕೆಟ್ಟುಹೋದ ಲೇಸರ್ ಪಾಯಿಂಟರ್. ಅದು ಕೆಟ್ಟಿದೆ ಅಂತ ಗೊತ್ತಿದೆಯಾ ಅಂತ ಅವರೇ ಕೊಂಡವನನ್ನು ಕೇಳಿದರು. ಗೊತ್ತಿದ್ದೇ ಕೊಂಡೆ, ಕೆಟ್ಟ ಪಾಯಿಂಟರ್‌ಗಳನ್ನೇ ಸಂಗ್ರಹ ಮಾಡುತ್ತೇನೆ ಅಂದನಂತೆ. ನನಗೆ ಈ ಕಥೆ ಇಷ್ಟ. ತೂತು ಇದೆ ಅಂತ ತೋರಿಸಿದರೆ ಯಾರೂ ಕೊಳ್ಳುವುದಿಲ್ಲ ಅಂತ ಮಾರುವವರು ಹೆದರುತ್ತಾರೆ. ತೂತಿರುವ ಕೋಟು ನನಗೆ ಬೇಕು. ತೂತು ಎಲ್ಲಿದೆ ಅಂತ ಮೊದಲೇ ಗೊತ್ತಾಗಬೇಕು, ಅಷ್ಟೇ.

ಉಣ್ಣೆಉಂಡೆ

ಹಳೇಕೋಟು ಅವರೇ, ಮಾರುವವರನ್ನು ಕೇಳಲು ನನಗೆ ಸಂಕೋಚ ಆಗುತ್ತೆ. ನಿಮ್ಮ ಮೇಲೆ ನಂಬಿಕೆ ಇಲ್ಲ ಅಂದ ಹಾಗೆ ಆಗುತ್ತೋ ಏನೋ ಅಂತ. ನೀವು ಹೇಗೆ ಕೇಳುತ್ತೀರಿ?

ಹಳೇಕೋಟು

"ಇನ್ನಷ್ಟು ಫೋಟೋ ಹಾಕಿ" ಅಂತ ಕೇಳಬೇಡಿ. ಆಗ ಅದೇ ಎದೆ ಭಾಗದ ಇನ್ನೆರಡು ಫೋಟೋ ಬರುತ್ತೆ, ಇಬ್ಬರಿಗೂ ಬೇಸರ. ನಿರ್ದಿಷ್ಟವಾಗಿ ಕೇಳಿ. "ಬಟ್ಟೆ ಇಷ್ಟವಾಯಿತು. ಹಗಲು ಹೊತ್ತಲ್ಲಿ ಎಡ ಮೊಣಕೈಯದು ಒಂದು, ಕಾಲರಿನ ಒಳಭಾಗದ್ದು ಒಂದು ಕಳಿಸುತ್ತೀರಾ? ಅವಸರ ಇಲ್ಲ." ಇಷ್ಟು ಬರೆದರೆ ಹೆಚ್ಚಿನವರು ಖುಷಿಯಿಂದ ಕಳಿಸುತ್ತಾರೆ. ಕಳಿಸದವರ ಹತ್ತಿರ ನಾನು ಕೊಳ್ಳುವುದಿಲ್ಲ.

ಬೆರಳಕಣ್ಣು

ನಾನು ನೋಡಲಾರೆ. ಈ ಚರ್ಚೆಯನ್ನೂ ಫೋನ್ ಓದಿ ಹೇಳುತ್ತಿದೆ. ಸೆಕೆಂಡ್ ಹ್ಯಾಂಡ್ ಬಟ್ಟೆ ನಾನೂ ಕೊಳ್ಳುತ್ತೇನೆ. ಫೋಟೋ ಎಷ್ಟೇ ಚೆನ್ನಾಗಿದ್ದರೂ ನನಗೆ ಅದು ಬರೀ "ಚಿತ್ರ". ಕೆಳಗೆ "ಫೋಟೋ ನೋಡಿ" ಅಂತ ಬರೆದಿದ್ದರೆ ನನಗೆ ಅಲ್ಲಿಗೆ ಬಾಗಿಲು ಮುಚ್ಚಿತು.

ಎರಡು ಸಾಲು ಬರೆಯಿರಿ. ಯಾವ ಬಣ್ಣ, ದಪ್ಪವೋ ತೆಳುವೋ, ಮುಟ್ಟಿದರೆ ಚುಚ್ಚುತ್ತಾ ಇಲ್ಲವಾ, ಎಲ್ಲಿ ಸವೆದಿದೆ. ಉಣ್ಣೆಉಂಡೆ ಅವರು ಕೈ ಮಾಡುವ ಕೆಲಸ ಅಂದರಲ್ಲ, ಆ ಮಾತು ನನಗೆ ತುಂಬಾ ಹತ್ತಿರ ಬಂತು. ಬಟ್ಟೆ ಈಗ ನಿಮ್ಮ ಕೈಯಲ್ಲಿದೆ. ನಿಮ್ಮ ಕೈಗೆ ಗೊತ್ತಾದದ್ದನ್ನು ನನಗೆ ಹೇಳಿ.

ಕಪಾಟುಖಾಲಿ

ಬೆರಳಕಣ್ಣು ಅವರೇ, ನನ್ನ ಎಲ್ಲಾ ಲಿಸ್ಟಿಂಗ್‌ಗಳಲ್ಲೂ "ಫೋಟೋ ನೋಡಿ" ಅಂತಲೇ ಇದೆ. ಇವತ್ತೇ ಬದಲಾಯಿಸುತ್ತೇನೆ. ಕ್ಷಮಿಸಿ.

ಅಳತೆಟೇಪು

ಎಲ್ಲರೂ ಅಳತೆ ಮರೆತಿರಿ. ಲೇಬಲ್‌ನಲ್ಲಿ ಮೀಡಿಯಂ ಅಂತ ಇದ್ದರೆ ಏನೂ ಹೇಳಿದ ಹಾಗಲ್ಲ. ಒಂದು ಕಂಪನಿಯ ಮೀಡಿಯಂ ಇನ್ನೊಂದರ ಲಾರ್ಜ್. ಹಳೆಯ ಬಟ್ಟೆಯಂತೂ ಒಗೆದು ಕುಗ್ಗಿರುತ್ತೆ, ಇಲ್ಲವೇ ಜೋತು ಬಿದ್ದಿರುತ್ತೆ.

ಬಟ್ಟೆಯನ್ನು ನೆಲದ ಮೇಲೆ ಸಮವಾಗಿ ಹರಡಿ. ಒಂದು ಕಂಕುಳಿಂದ ಇನ್ನೊಂದು ಕಂಕುಳಿಗೆ ಟೇಪು ಇಟ್ಟು, ಟೇಪಿನ ಸಮೇತ ಫೋಟೋ ತೆಗೆಯಿರಿ. ಅದರ ಎರಡರಷ್ಟು ಎದೆ ಸುತ್ತಳತೆ. ಕೊಳ್ಳುವವರು ಅದನ್ನು ತಮ್ಮ ಮೈ ಅಳತೆಗೆ ಹೋಲಿಸಬಾರದು, ತಮಗೆ ಸರಿಯಾಗಿ ಕೂರುವ ಒಂದು ಅಂಗಿಯನ್ನು ಹೀಗೆಯೇ ಹರಡಿ ಅಳೆದು ಹೋಲಿಸಬೇಕು. ಪ್ಯಾಂಟಿಗೆ ಸೊಂಟ, ಒಳಗಾಲಿನ ಉದ್ದ, ಜೊತೆಗೆ ಸೊಂಟದಿಂದ ತೊಡೆ ಸಂದಿನವರೆಗಿನ ಅಳತೆ. ಮೂರನೆಯದನ್ನು ಯಾರೂ ಕೊಡುವುದಿಲ್ಲ. ಪ್ಯಾಂಟು ವಾಪಸ್ ಹೋಗುವುದು ಅದರಿಂದಲೇ.

ಇನ್ನೊಂದು ಮಾತು. ಫೋನ್ ಹತ್ತಿರ ಹಿಡಿದು ಮೇಲಿನಿಂದ ತೆಗೆದರೆ ಭುಜ ಅಗಲ, ಕೆಳ ಅಂಚು ಕಿರಿದು. ಫೋನಿನ ಮುಖ್ಯ ಲೆನ್ಸ್ ಅಗಲ ನೋಟದ್ದು, ಹತ್ತಿರ ಇರುವುದನ್ನು ದೊಡ್ಡದು ಮಾಡಿ ತೋರಿಸುತ್ತೆ. ನಾಲ್ಕು ಹೆಜ್ಜೆ ಹಿಂದೆ ಹೋಗಿ ಎರಡರಷ್ಟು ಝೂಮ್ ಹಾಕಿ. ಅಂಗಿಯ ಆಕಾರ ತನ್ನಷ್ಟಕ್ಕೆ ಸರಿಹೋಗುತ್ತೆ.

ಮೂರನೇಗುಂಡಿ

ಕನ್ನಡಿಯಲ್ಲಿ ತೆಗೆಯುವವರಿಗೆ ಒಂದು ಕಿವಿಮಾತು. ಹಿಂದೆ ಏನು ಕಾಣುತ್ತಿದೆ ನೋಡಿಕೊಳ್ಳಿ. ಮೊನ್ನೆ ಒಂದು ಲಿಸ್ಟಿಂಗ್‌ನಲ್ಲಿ ಮೇಜಿನ ಮೇಲೆ ಕೊರಿಯರ್ ಪೊಟ್ಟಣ, ಅದರ ಮೇಲೆ ಮನೆ ವಿಳಾಸ ಪೂರ್ತಿ ಓದಲು ಬರುತ್ತಿತ್ತು. ಅವರಿಗೆ ತಿಳಿಸಿದೆ, ತೆಗೆದರು. ಮಕ್ಕಳಿಗೆ ತೊಡಿಸಿ ಫೋಟೋ ಹಾಕುವವರು ದಯವಿಟ್ಟು ಮುಖ ಕಾಣದ ಹಾಗೆ ತೆಗೆಯಿರಿ. ಲೊಕೇಶನ್ ಆನ್ ಇದ್ದರೆ ಫೋಟೋ ಫೈಲಿನ ಒಳಗೇ ಜಾಗದ ವಿವರ ಸೇರಿಕೊಳ್ಳುತ್ತೆ. ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಅದನ್ನು ಆಫ್ ಮಾಡಬಹುದು.

ಕಪಾಟುಖಾಲಿ

ನಾಲ್ಕು ದಿನದ ಮೇಲೆ ಬಂದೆ. ಇವತ್ತು ರಜೆ. ಬೆಳಿಗ್ಗೆ ಆರು ಬಟ್ಟೆ ಕಿಟಕಿ ಪಕ್ಕ ತೆಗೆದೆ. ಬಲ್ಬು ಆರಿಸಿದೆ, ಲೆನ್ಸ್ ಒರೆಸಿದೆ, ಬಿಳಿ ಕಾಗದ ಇಟ್ಟೆ. ಒಟ್ಟು ನಲವತ್ತು ನಿಮಿಷ. ರಾತ್ರಿ ಇದಕ್ಕಿಂತ ಜಾಸ್ತಿ ಹೊತ್ತು ಹಿಡಿಯುತ್ತಿತ್ತು, ಯಾಕೆಂದರೆ ಕೈ ನಡುಗಿ ಮಸುಕಾದದ್ದನ್ನು ಮತ್ತೆ ಮತ್ತೆ ತೆಗೆಯಬೇಕಿತ್ತು.

ಮಗಳ ಫ್ರಾಕನ್ನು ಕಿಟಕಿಗೆ ಹಿಡಿದಾಗ ಬೆನ್ನಿನ ಹತ್ತಿರ ಒಂದು ಹಳೆಯ ಕಲೆ ಕಂಡಿತು. ನಾನೇ ಎಷ್ಟು ಸಲ ಒಗೆದು ಮಡಚಿಟ್ಟಿದ್ದೇನೆ, ಒಮ್ಮೆಯೂ ನೋಡಿರಲಿಲ್ಲ. ಉಣ್ಣೆಉಂಡೆ ಅವರೇ, ನಿಮಗೆ ಸ್ವೆಟರ್ ಮಾರಿದವರು ಮೊಣಕೈ ನೋಡಿರಲಿಕ್ಕಿಲ್ಲ ಅಂದಿರಿ. ಅದು ನಿಜ ಅಂತ ಈಗ ನನಗೆ ಖಾತ್ರಿ. ನಾವು ಮಾರುವವರು ನೋಡುವುದೇ ಇಲ್ಲ. ಮನಸ್ಸಿನಲ್ಲಿ ಆ ಬಟ್ಟೆ ಇನ್ನೂ ಕೊಂಡ ದಿನದ ಹಾಗೇ ಇರುತ್ತೆ.

ಕಲೆಯ ಫೋಟೋವನ್ನು ಎರಡನೆಯದಾಗಿ ಹಾಕಿದೆ. ಪಕ್ಕದಲ್ಲಿ ಒಂದು ನಾಣ್ಯ ಇಟ್ಟೆ, ಎಷ್ಟು ದೊಡ್ಡದು ಅಂತ ಗೊತ್ತಾಗಲಿ ಅಂತ. ಕೆಳಗೆ ಬರೆದೂ ಬರೆದೆ. ಮಧ್ಯಾಹ್ನವೇ ಒಬ್ಬರು ಕೊಂಡರು. ಹಾಗಂತ ಎಲ್ಲವೂ ಸುಲಭ ಆಯಿತು ಅಂತ ಅಲ್ಲ. ಮೋಡದ ದಿನ ಕತ್ತಲೆ ಕತ್ತಲೆ ಬರುತ್ತೆ. ವಾರದ ನಡುವೆ ಯಾರಾದರೂ ಹೊಸ ಫೋಟೋ ಕೇಳಿದರೆ ರಜೆವರೆಗೆ ಕಾಯಿರಿ ಅನ್ನಬೇಕಾಗುತ್ತೆ. ಕೆಲವರು ಕಾಯುವುದಿಲ್ಲ.

ಬೆಳಕಿಂಡಿ

ತುಂಬಾ ಖುಷಿಯಾಯಿತು ಮೇಡಂ. ನಾಣ್ಯದ ಉಪಾಯ ಚೆನ್ನಾಗಿದೆ. ಮೋಡದ ಬೆಳಕು ನಿಜವಾಗಿ ಒಳ್ಳೆಯದು, ನೆರಳು ಮೆತ್ತಗಿರುತ್ತೆ. ಕಿಟಕಿಯ ಎದುರು ಬದಿಯಲ್ಲಿ ಒಂದು ಬಿಳಿ ಹಾಳೆಯನ್ನೋ ಬಿಳಿ ಬೆಡ್‌ಶೀಟನ್ನೋ ನಿಲ್ಲಿಸಿ. ಬೆಳಕು ಅದಕ್ಕೆ ತಾಗಿ ಬಟ್ಟೆಯ ಕತ್ತಲ ಕಡೆಗೆ ವಾಪಸ್ ಬರುತ್ತೆ. ಫೋನನ್ನು ಪುಸ್ತಕಕ್ಕೆ ಒರಗಿಸಿ ಟೈಮರ್ ಹಾಕಿದರೆ ಕೈ ನಡುಕವೂ ಇರುವುದಿಲ್ಲ.

ಉಣ್ಣೆಉಂಡೆ

ಎಲ್ಲರಿಗೂ ಧನ್ಯವಾದ. ಮಾರಿದವರಿಗೆ ಮತ್ತೊಮ್ಮೆ ಬರೆದೆ. ಈ ಸಲ ಮೊಣಕೈಯನ್ನು ಕಿಟಕಿಗೆ ಹಿಡಿದು ತೆಗೆದ ಫೋಟೋ ಜೊತೆ ಕಳಿಸಿದೆ. "ಅಯ್ಯೋ, ಇದನ್ನು ನಾನು ನೋಡಿರಲಿಲ್ಲ" ಅಂತ ಬರೆದರು. ಅರ್ಧ ಹಣ ವಾಪಸ್ ಕೊಟ್ಟರು. ನನಗೆ ಹಣಕ್ಕಿಂತ ಆ ಮಾತು ಸಮಾಧಾನ ಕೊಟ್ಟಿತು.

ಈಗ ಸ್ವೆಟರ್ ಏನು ಮಾಡಲಿ ಅಂತ ಯೋಚನೆ. ಬೂದು ಬಣ್ಣ ನೋಡಿ ನೋಡಿ ಇಷ್ಟವಾಗುತ್ತಿದೆ. ಸವೆದದ್ದನ್ನು ತೋರಿಸಿ ಬೇರೆಯವರಿಗೆ ಮಾರಲೋ, ಇಟ್ಟುಕೊಳ್ಳಲೋ? ಸೂಜಿದಾರ ಅವರೇ, ಇದು ರಫು ಮಾಡಿದರೆ ನಿಲ್ಲುತ್ತಾ?

ಸೂಜಿದಾರ

ಎಳೆಗಳು ಪೂರ್ತಿ ಕಡಿದಿಲ್ಲದಿದ್ದರೆ ಖಂಡಿತ ನಿಲ್ಲುತ್ತೆ. ಮಾರಬೇಡಿ. ತೋಳನ್ನು ಒಳಮಗ್ಗುಲು ತಿರುಗಿಸಿ, ಕಿಟಕಿಗೆ ಹಿಡಿದು, ಹತ್ತಿರದಿಂದ ಒಂದು ಫೋಟೋ ಇಲ್ಲಿ ಹಾಕಿ. ಪಕ್ಕದಲ್ಲಿ ಟೇಪು ಇಡಿ. ಎಷ್ಟು ಎಳೆ ಉಳಿದಿದೆ ನೋಡಿ, ಯಾವ ದಪ್ಪದ ನೂಲು ತರಬೇಕು ಅಂತ ಹೇಳುತ್ತೇನೆ.

ಉಣ್ಣೆಉಂಡೆ

ಈಗ ಕತ್ತಲಾಗಿದೆ. ಬೆಳಿಗ್ಗೆ ತೆಗೆದು ಹಾಕುತ್ತೇನೆ.